ತವರಿಗೆ ಕಳಿಸೋದು ನ್ಯಾಯ ಅಲ್ಲ, ಹಿರಿಯರೇ

ದಸರೆಯಲ್ಲಿ ನಮ್ಮ ದೇವರಗುಡ್ಡದಾಗ ಗೊರವಯ್ಯ ಬಿಲ್ಲು ಏರಿ ಒಂದು ಮಾತು ನುಡೀತಾರೆ. ಆ ಒಂದು ಸಾಲಿನ ಕಾರಣಿಕಕ್ಕೆ ಮಳೆ, ಬೆಳೆ, ರಾಜಕೀಯ ಅಂತ ವರ್ಷಪೂರ್ತಿ ಅರ್ಥ ಹುಡುಕ್ತೀವಿ. ಆದ್ರೆ ಕೇರಿಯ ಹೆಣ್ಣುಮಗಳ ಬದುಕು ಕಾಯೋ ಕಾಯ್ದೆಯ ಒಂದು ಸಾಲು ಓದೋಕೆ ನಮ್ಮ ಹಿರಿಯರಿಗೆ ಪುರಸೊತ್ತಿಲ್ಲ.

ಗಂಡ ಹೊಡೀತಾನೆ ಅಂತ ಆಕೆ ಬಂದ್ರೆ ಪಂಚಾಯ್ತಿ ತೀರ್ಪು ಒಂದೇ: "ಸ್ವಲ್ಪ ದಿನ ತವರಾಗ ಇರ್ಲಿ ಬಿಡ್ರಿ, ಕೋರ್ಟು ಯಾಕ?" ಆ ಸ್ವಲ್ಪ ದಿನ ಹತ್ತು ವರ್ಷ ಆಗ್ತದೆ. ಅವನು ಇನ್ನೊಬ್ಬಳನ್ನ ತಂದ್ಕೋತಾನೆ. ಈಕೆಗೆ ಅತ್ತ ಸಂಸಾರ ಇಲ್ಲ, ಇತ್ತ ಬಿಡುಗಡೆ ಇಲ್ಲ, ಜೀವನಾಂಶವಂತೂ ಇಲ್ಲವೇ ಇಲ್ಲ. ನಾನು ಕೂತು ನೋಡಿದ ಪಂಚಾಯ್ತಿಗಳಲ್ಲಿ ಇದಕ್ಕೆ "ಮರ್ಯಾದೆ ಉಳಿಸೋದು" ಅಂತಾರೆ. ಯಾರ ಮರ್ಯಾದೆ ಸ್ವಾಮಿ?

ಸುಮ್ಮನೆ ದೂರ ಇರೋದು ಬೇರೆ, ಕೋರ್ಟಿನ ಡಿಕ್ರಿ ಪಡೆದು ದೂರ ಇರೋದು ಬೇರೆ. 1955ರ ಹಿಂದೂ ವಿವಾಹ ಕಾಯ್ದೆ ಬೌದ್ಧರಾದ ನಮ್ಮವರಿಗೂ ಅನ್ವಯಿಸುತ್ತೆ. ಅದರ ಕಲಂ 10 ನ್ಯಾಯಿಕ ಪ್ರತ್ಯೇಕತೆ. ಡಿಕ್ರಿ ಆದ ಮೇಲೆ "ಬಂದು ಸಂಸಾರ ಮಾಡು" ಅನ್ನೋ ಹಕ್ಕು ಗಂಡನಿಗಿಲ್ಲ. ಜೀವನಾಂಶ ಕೇಳಬಹುದು. ಮದುವೆ ಮುರಿದಿಲ್ಲವಾದ್ದರಿಂದ ಇಬ್ಬರೂ ಮರುಮದುವೆ ಆಗುವಂತಿಲ್ಲ. ಡಿಕ್ರಿ ನಂತರ ಒಂದು ವರ್ಷ ಕೂಡಿ ಬಾಳದಿದ್ದರೆ ಯಾರು ಬೇಕಾದರೂ ವಿಚ್ಛೇದನ ಕೇಳಬಹುದು. ಬೇರೆ ಇರುವ ಹೆಂಡತಿಯ ಮೇಲೆ ಗಂಡ ಬಲವಂತ ಮಾಡಿದರೆ, ಡಿಕ್ರಿ ಇರಲಿ ಬಿಡಲಿ, ನ್ಯಾಯ ಸಂಹಿತೆಯ ಕಲಂ 67ರಲ್ಲಿ ಎರಡರಿಂದ ಏಳು ವರ್ಷ ಜೈಲು.

"ಮೊದಲು ಬೇರೆ ಆಗು, ಆಮೇಲಷ್ಟೇ ಡೈವೋರ್ಸ್" ಅನ್ನೋದೂ ಸುಳ್ಳು. 1976ರ ತಿದ್ದುಪಡಿಗೆ ಮುಂಚೆ ಕ್ರೌರ್ಯಕ್ಕೆ ಸಿಗ್ತಿದ್ದದ್ದು ಪ್ರತ್ಯೇಕತೆ ಮಾತ್ರ. ಈಗ ಕ್ರೌರ್ಯ ಸಾಬೀತಾದ್ರೆ ನೇರ ವಿಚ್ಛೇದನ. ಆದ್ರೆ ಮದುವೆಯಾಗಿ ಒಂದು ವರ್ಷದೊಳಗೆ ಸಾಮಾನ್ಯವಾಗಿ ವಿಚ್ಛೇದನದ ಅರ್ಜಿ ಹಾಕೋಕಾಗಲ್ಲ, ಪ್ರತ್ಯೇಕತೆಗೆ ಆ ತಡೆ ಇಲ್ಲ. ಇನ್ನೂ ಯೋಚಿಸಬೇಕು ಅನ್ನೋಳಿಗೂ ಅದೇ ದಾರಿ. ಯಾವುದು ಬೇಕು ಅಂತ ಆಕೆ ಹೇಳಲಿ, ಪಂಚಾಯ್ತಿ ಕಟ್ಟೆ ಅಲ್ಲ.

"ವಿಚ್ಛೇದನ ನಮ್ಮ ಸಂಸ್ಕೃತಿ ಅಲ್ಲ" ಅಂತ ನಮ್ಮವರೇ ಹೇಳೋದು ಕೇಳಿದ್ರೆ ಮೈ ಉರೀತದೆ. ಸೋಡಚೀಟಿ, ಉಡಿಕೆ ಯಾರ ಸಂಸ್ಕೃತಿ? ಬಹುಸಂಖ್ಯಾತ ಶೂದ್ರರಲ್ಲಿ ವಿಚ್ಛೇದನ ಮೊದಲಿಂದ ಇದೆ, ಇಲ್ಲದಿರೋದು ಮೇಲ್ಜಾತಿಯಲ್ಲಿ ಅಂತ ಬಾಬಾಸಾಹೇಬರು ಹಿಂದೂ ಕೋಡ್ ಬಿಲ್ ಚರ್ಚೆಯಲ್ಲೇ ಹೇಳಿದ್ರು. ಆ ಬಿಲ್ಲನ್ನ ಕೈಬಿಟ್ಟಾಗ 1951ರ ಸೆಪ್ಟೆಂಬರಿನಲ್ಲಿ ಮಂತ್ರಿಗಿರಿ ಬಿಟ್ಟು ಬಂದ್ರು. ನಾವು ಬ್ರಾಹ್ಮಣರ ಮಡಿಯನ್ನ ಸಾಲ ತಂದು ನಮ್ಮ ಹೆಣ್ಣುಮಕ್ಕಳ ಮೇಲೆ ಹೊದಿಸ್ತಿದ್ದೀವಿ.

ರೂಢಿಯ ಬಿಡುಗಡೆಯನ್ನ ಕಾಯ್ದೆಯ ಕಲಂ 29 ಉಳಿಸಿದೆ ನಿಜ. ಆದ್ರೆ ಅಂಥ ರೂಢಿ ಇದೆ ಅಂತ ಕೋರ್ಟಿನಲ್ಲಿ ಸಾಬೀತು ಮಾಡಲೇಬೇಕು ಅಂತ 2002ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಬಾಂಡ್ ಪೇಪರಿನ ಮೇಲೆ ಸಹಿ ಹಾಕಿಸಿ "ಮುಗೀತು" ಅನ್ನೋರು ಇದನ್ನ ತಿಳ್ಕೊಳ್ಳಿ.

ದುಡ್ಡಿಲ್ಲ ಅನ್ನೋ ನೆಪ ಬೇಡ. 1987ರ ಕಾಯ್ದೆಯಂತೆ ಮಹಿಳೆಯರಿಗೂ ಪರಿಶಿಷ್ಟರಿಗೂ ಆದಾಯ ಎಷ್ಟೇ ಇದ್ದರೂ ವಕೀಲರು ಉಚಿತ. ರಾಣೆಬೆನ್ನೂರು ಕೋರ್ಟಿನ ಕಾನೂನು ಸೇವಾ ಸಮಿತಿಗೆ ಹೋಗಿ, ಇಲ್ಲವೇ 15100ಕ್ಕೆ ಫೋನ್ ಮಾಡಿ.

ಏಪ್ರಿಲ್ 14ರಂದು ಹಿಂದೂ ಕೋಡ್ ಬಿಲ್ ಬಗ್ಗೆ ಭಾಷಣ ಮಾಡೋ ಸಂಗಾತಿಗಳೇ, ಮುಂದಿನ ಪಂಚಾಯ್ತಿಗೆ ಕರೆದಾಗ ಆಕೆಯ ಜೊತೆ ಕೋರ್ಟಿನ ಮೆಟ್ಟಿಲು ಹತ್ತಿ. ಆಗೋದಿಲ್ಲ ಅಂದ್ರೆ ಮೈಕ್ ಕೆಳಗಿಡಿ.

ಜೈಭೀಮ್.