ಒಳ್ಳೆಯ ಕೋಣೆ ಯಾರಿಗೆ?



ನಿಮ್ಮ ಶಾಲೆಯಲ್ಲಿ ಎಷ್ಟು ಕೋಣೆಗಳಿವೆ? ಅವುಗಳಲ್ಲಿ ಬೆಳಕು ಚೆನ್ನಾಗಿ ಬರುವ, ಜೋರು ಮಳೆ ಬಂದರೂ ಮಾತು ಸ್ಪಷ್ಟವಾಗಿ ಕೇಳುವ ಕೋಣೆ ಯಾವುದು? ಅಲ್ಲಿ ಈಗ ಯಾರು ಕುಳಿತುಕೊಳ್ಳುತ್ತಾರೆ?

ಕೆಲವು ಶಾಲೆಗಳಲ್ಲಿ ಅದು ಕಚೇರಿ. ಕೆಲವು ಕಡೆ ಕಂಪ್ಯೂಟರ್ ಕೋಣೆ. ಇನ್ನು ಕೆಲವು ಕಡೆ ಏಳನೇ ತರಗತಿ, ಅಂದರೆ ನೀವೇ! ಆದರೆ ನನ್ನ ಅಭಿಪ್ರಾಯ ಬೇರೆ. ಶಾಲೆಯ ಅತ್ಯುತ್ತಮ ಕೋಣೆ ಒಂದನೇ ತರಗತಿಯ ಪುಟ್ಟ ಮಕ್ಕಳಿಗೆ ಸಿಗಬೇಕು. ಏಕೆಂದು ವಿಜ್ಞಾನದ ಕಣ್ಣಿನಿಂದಲೇ ನೋಡೋಣ.

ಮೊದಲು ಕಿವಿಯ ವಿಷಯ. ನಮ್ಮ ದಕ್ಷಿಣ ಕನ್ನಡದಲ್ಲಿ ವರ್ಷಕ್ಕೆ ಸುಮಾರು 4000 ಮಿಲಿಮೀಟರ್ ಮಳೆ ಬೀಳುತ್ತದೆ. ಅದರಲ್ಲಿ ಹೆಚ್ಚಿನ ಪಾಲು ಬೀಳುವುದು ಜೂನ್‌ನಿಂದ ಸೆಪ್ಟೆಂಬರ್‌ವರೆಗೆ. ಒಂದನೇ ತರಗತಿಯ ಮಗು ಶಾಲೆಗೆ ಕಾಲಿಡುವುದೂ ಆಗಲೇ ಅಲ್ಲವೇ? ತಗಡಿನ ಮಾಡಿನ ಮೇಲೆ ಮಳೆಹನಿ ಬಿದ್ದಾಗ ತೆಳುವಾದ ತಗಡು ಚೆಂಡೆಯ ಚರ್ಮದಂತೆ ಕಂಪಿಸುತ್ತದೆ. ಹೆಂಚು ದಪ್ಪ ಮತ್ತು ಭಾರ. ಆದ್ದರಿಂದ ಅದು ಅಷ್ಟು ಕಂಪಿಸುವುದಿಲ್ಲ, ಸದ್ದೂ ಕಡಿಮೆ.

ದೂರದ ಲೆಕ್ಕವೂ ಇದೆ. ಬಯಲಿನಲ್ಲಿ ನಿಂತು ಮಾತನಾಡುವವರಿಂದ ನಮ್ಮ ದೂರ ಎರಡು ಪಟ್ಟಾದರೆ ಧ್ವನಿಯ ತೀವ್ರತೆ ಕಾಲು ಭಾಗಕ್ಕೆ ಇಳಿಯುತ್ತದೆ. ಕೋಣೆಯೊಳಗೆ ಗೋಡೆಗಳು ಧ್ವನಿಯನ್ನು ಪ್ರತಿಫಲಿಸುವುದರಿಂದ ಅಷ್ಟು ಇಳಿಯುವುದಿಲ್ಲ. ಆದರೆ ಪ್ರತಿಫಲಿಸಿದ ಧ್ವನಿ ಸ್ವಲ್ಪ ತಡವಾಗಿ ಬಂದು ಮಾತನ್ನು ಕಲಸಿಬಿಡುತ್ತದೆ.

‘ನಮಗೂ ಹಾಗೆಯೇ ಕೇಳುತ್ತದಲ್ಲ ಸರ್?’ ಎಂದು ನೀವು ಕೇಳಬಹುದು. ಇಲ್ಲೇ ಮುಖ್ಯ ವಿಷಯ ಇರುವುದು. ನಿಮಗೆ ಒಂದು ಪದ ಅರ್ಧ ಕೇಳಿಸಿದರೆ ಉಳಿದರ್ಧವನ್ನು ನೀವೇ ಊಹಿಸಿಕೊಳ್ಳುತ್ತೀರಿ. ಏಕೆಂದರೆ ನಿಮಗೆ ಕನ್ನಡ ಬರುತ್ತದೆ. ಆದರೆ ಪುತ್ತೂರು, ಸುಳ್ಯ, ಕಡಬ ತಾಲೂಕುಗಳ ಎಷ್ಟೋ ಪುಟ್ಟ ಮಕ್ಕಳ ಮನೆಮಾತು ತುಳು. ಇನ್ನು ಕೆಲವರದ್ದು ಅರೆಭಾಷೆ, ಬ್ಯಾರಿ, ಮಲಯಾಳ, ಕೊಂಕಣಿ. ಶಾಲೆಯ ಕನ್ನಡವನ್ನು ಅವರು ಇನ್ನೂ ಕಿವಿಯಿಂದಲೇ ಕಲಿಯುತ್ತಿದ್ದಾರೆ. ‘ಹಲ್ಲು’, ‘ಹುಲ್ಲು’, ‘ಹಳ್ಳ’, ‘ಹಳ್ಳಿ’ ಎಂಬ ಪದಗಳ ನಡುವಿನ ವ್ಯತ್ಯಾಸ ಎಷ್ಟು ಸಣ್ಣದು ನೋಡಿ. ಸರಿಯಾಗಿ ಕೇಳಿಸದ ಮಗು ತಪ್ಪು ಉತ್ತರ ಹೇಳುತ್ತದೆ, ಇಲ್ಲವೇ ಸುಮ್ಮನಿರುತ್ತದೆ. ಆಗ ನಾವು ‘ಅವನಿಗೆ ಕಲಿಕೆ ಹಿಂದೆ’ ಎಂದುಬಿಡುತ್ತೇವೆ. ಹಿಂದೆ ಇರುವುದು ಮಗುವೋ, ಅದು ಕುಳಿತ ಜಾಗವೋ?

ಇನ್ನು ಕಣ್ಣಿನ ವಿಷಯ. ಆರು ವರ್ಷದ ಮಗುವಿನ ಎತ್ತರ ಸುಮಾರು 110ರಿಂದ 115 ಸೆಂಟಿಮೀಟರ್. ಅದು ನೆಲದ ಮೇಲೆ ಕುಳಿತರೆ ಕಣ್ಣು ಇರುವುದು ಅದರ ಅರ್ಧದಷ್ಟು ಎತ್ತರದಲ್ಲಿ. ಆದರೆ ಗೋಡೆಯ ಚಿತ್ರಪಟಗಳನ್ನು ನಾವು ಎಲ್ಲಿ ತೂಗುಹಾಕುತ್ತೇವೆ? ದೊಡ್ಡವರ ಕಣ್ಣಿನ ಎತ್ತರಕ್ಕೆ! ನೋಡಲು ಬರುವ ಅತಿಥಿಗಳಿಗೆ ಅದು ಚೆಂದ. ಮಗುವಿಗೆ ಮಾತ್ರ ಕತ್ತುನೋವು.

ಈ ತಪ್ಪನ್ನು ತಿದ್ದಲು ಹಿಂದೆಯೇ ಪ್ರಯತ್ನಗಳು ನಡೆದಿವೆ. ಇಟಲಿಯ ವೈದ್ಯೆ ಮಾರಿಯಾ ಮಾಂಟೆಸ್ಸರಿ 1907ರಲ್ಲಿ ರೋಮ್ ನಗರದ ಬಡ ಬಡಾವಣೆಯೊಂದರಲ್ಲಿ ‘ಮಕ್ಕಳ ಮನೆ’ಯನ್ನು ಆರಂಭಿಸಿದರು. ಪುಟ್ಟ ಕೈಗೆ ಎಟಕುವ ಕಪಾಟು, ಮಗುವೇ ಎತ್ತಿಡಬಹುದಾದ ಹಗುರ ಕುರ್ಚಿ, ಮೇಜು ಅವರ ವಿಧಾನದ ಭಾಗವಾದವು. ನಮ್ಮ ಪುತ್ತೂರಿನಲ್ಲೇ ಡಾ. ಶಿವರಾಮ ಕಾರಂತರು ಬಾಲವನದಲ್ಲಿ ಮಕ್ಕಳ ಶಿಕ್ಷಣದ ಪ್ರಯೋಗಗಳನ್ನು ನಡೆಸಿದರು. 1995ರಲ್ಲಿ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆ ತಾಲೂಕಿನಲ್ಲಿ ನಲಿ-ಕಲಿ ಆರಂಭವಾಯಿತು. ನೀವೂ ಅದರಲ್ಲೇ ಕಲಿತು ಬಂದವರಿರಬಹುದು. ವೃತ್ತಾಕಾರದ ಗುಂಪು, ಗೋಡೆಯ ಕೆಳಭಾಗದಲ್ಲಿ ಮಕ್ಕಳೇ ಬರೆಯುವ ಕಪ್ಪುಹಲಗೆ, ತಲೆಯ ಮೇಲೆ ದಾರ ಕಟ್ಟಿ ಮಕ್ಕಳ ಚಿತ್ರಗಳನ್ನು ಇಳಿಬಿಡುವ ಚಪ್ಪರ ನೆನಪಿದೆಯೇ? ಇವು ಯಾವುವೂ ಬರೀ ಅಲಂಕಾರವಲ್ಲ, ಮಗುವಿನ ಅಳತೆಗೆ ಮಾಡಿದ ಕಲಿಕೆಯ ಸಾಧನಗಳು. ಆದರೆ ಚಪ್ಪರದ ಚಿತ್ರಗಳು ತೀರಾ ಮೇಲಿದ್ದರೆ ಏನು ಪ್ರಯೋಜನ? ಟೀಚರ್ ಸ್ವಲ್ಪ ಬಗ್ಗಿ ನಡೆಯಬೇಕಾದರೂ ಅಡ್ಡಿಯಿಲ್ಲ, ಅವು ಕೆಳಗೆ ಬರಲಿ.

ಈಗ ನಿಮ್ಮ ಕಡೆಯ ವಾದವನ್ನೂ ಕೇಳೋಣ. ‘ನಮ್ಮ ಪಾಠ ಕಷ್ಟ. ನಮಗೆ ಬರೆಯಲು ಹೆಚ್ಚು ಇರುತ್ತದೆ. ನಮಗೂ ಬೆಳಕು ಬೇಡವೇ?’ ಖಂಡಿತ ಬೇಕು. ಎಲ್ಲ ಕೋಣೆಗಳೂ ಒಳ್ಳೆಯದಾಗಲಿ ಎಂಬುದೇ ನಮ್ಮ ಬೇಡಿಕೆಯಾಗಬೇಕು. ಆದರೆ ಅಲ್ಲಿಯವರೆಗೆ? ಬೆಳಕು ಸಾಲದಿದ್ದರೆ ನೀವು ಬೆಂಚು ಎಳೆದುಕೊಳ್ಳುತ್ತೀರಿ. ಕೇಳಿಸದಿದ್ದರೆ ‘ಇನ್ನೊಮ್ಮೆ ಹೇಳಿ ಸರ್’ ಎನ್ನುತ್ತೀರಿ. ಆರು ವರ್ಷದ ಮಗು ಹಾಗೆ ಕೇಳುವುದಿಲ್ಲ. ಶಾಲೆ ಎಂದರೆ ಹೀಗೆಯೇ ಎಂದುಕೊಂಡು ಮೂಲೆಯಲ್ಲಿ ಕುಳಿತಿರುತ್ತದೆ. ಕೇಳಲು ಬಾರದವರಿಗೆ ಮೊದಲು ಕೊಡುವುದು ನ್ಯಾಯ ಎಂದು ನನಗನ್ನಿಸುತ್ತದೆ.

ನನ್ನ ಮಾತನ್ನು ಹಾಗೆಯೇ ನಂಬಬೇಡಿ. ಪರೀಕ್ಷೆ ಮಾಡಿ ನೋಡಿ. ಟೀಚರ್ ಅನುಮತಿ ಪಡೆದು ಒಂದು ಶನಿವಾರ ನಾಲ್ಕೈದು ಜನ ಪುಟ್ಟವರ ಕೋಣೆಗೆ ಹೋಗಿ.

ಮೊದಲು, ಒಂದನೇ ತರಗತಿಯ ಮಗುವೊಂದನ್ನು ನೆಲದ ಮೇಲೆ ಕೂರಿಸಿ, ನೆಲದಿಂದ ಕಣ್ಣಿನವರೆಗಿನ ಎತ್ತರ ಅಳೆಯಿರಿ. ನಿಮ್ಮ ಕಣ್ಣನ್ನೂ ಅದೇ ಎತ್ತರಕ್ಕೆ ತಂದು ನಾಲ್ಕು ಮೂಲೆಗಳಿಂದ ಕಪ್ಪುಹಲಗೆ ನೋಡಿ. ಎಲ್ಲಿಂದ ಅಕ್ಷರ ಹೊಳೆದು ಮಾಯವಾಗುತ್ತದೆ? ಕಿಟಕಿಯ ಬೆಳಕು ಹಲಗೆಗೆ ತಾಗಿ ಕಣ್ಣಿಗೆ ಪ್ರತಿಫಲಿಸುವ ಜಾಗ ಅದು. ಬಲಗೈಯಲ್ಲಿ ಬರೆಯುವವರಿಗೆ ಬೆಳಕು ಎಡಗಡೆಯಿಂದ ಬಂದರೆ ಕೈಯ ನೆರಳು ಅಕ್ಷರದ ಮೇಲೆ ಬೀಳುವುದಿಲ್ಲ. ಎಡಗೈಯವರಿಗೆ ಇದರ ವಿರುದ್ಧ.

ಆಮೇಲೆ, ಒಬ್ಬರು ಹಲಗೆಯ ಬಳಿ ನಿಂತು ಸಾಧಾರಣ ಧ್ವನಿಯಲ್ಲಿ 20 ಪದ ಓದಲಿ. ಮೂಲೆಗಳಲ್ಲಿ ಕುಳಿತವರು ಕೇಳಿಸಿದ್ದನ್ನು ಬರೆಯಲಿ. ಬೇರೆ 20 ಪದಗಳನ್ನು ಆರಿಸಿ, ಮಳೆ ಬರುವಾಗ ಇನ್ನೊಮ್ಮೆ ಮಾಡಿ. ಯಾವ ಮೂಲೆಯಲ್ಲಿ ಎಷ್ಟು ಪದ ತಪ್ಪಿತು?

ಕೊನೆಗೆ, ಅಂಗೈಯನ್ನು ಬರೀ ನೆಲದ ಮೇಲೂ ಚಾಪೆಯ ಮೇಲೂ ಇಡಿ. ಸಿಮೆಂಟು ಮೈಯ ಶಾಖವನ್ನು ಬೇಗ ಎಳೆದುಕೊಳ್ಳುತ್ತದೆ. ಚಾಪೆಯ ಎಳೆಗಳ ನಡುವಿನ ಗಾಳಿ ಶಾಖದ ದುರ್ಬಲ ವಾಹಕ. ಆಷಾಢದ ಚಳಿಯಲ್ಲಿ ದಿನವಿಡೀ ನೆಲದ ಮೇಲೆ ಕೂರುವವರಿಗೆ ಇದು ಸಣ್ಣ ವಿಷಯವಲ್ಲ.

ಇವೆಲ್ಲವನ್ನೂ ಕೋಣೆಯ ನಕ್ಷೆ ಬರೆದು ಅದರಲ್ಲಿ ಗುರುತಿಸಿ. ನಕ್ಷೆಯನ್ನು ಮುಖ್ಯ ಶಿಕ್ಷಕರಿಗೆ ತೋರಿಸಿ, ಎಸ್‌ಡಿಎಂಸಿ ಸಭೆಯಲ್ಲಿ ಇಡಲು ಕೇಳಿಕೊಳ್ಳಿ. ಕೋಣೆ ಬದಲಾಯಿಸಲು ಆಗದಿದ್ದರೂ ಹಲವು ಕೆಲಸಗಳಿಗೆ ಹೆಚ್ಚು ಹಣ ಬೇಡ. ಚಿತ್ರಪಟಗಳನ್ನು ಕೆಳಗಿಳಿಸಬಹುದು. ಗುಂಪುಗಳನ್ನು ಬೆಳಕಿನ ಕಡೆಗೆ ಸರಿಸಬಹುದು. ಮಾಡಿಗೆ ಒಂದೆರಡು ಗಾಜಿನ ಹೆಂಚು ಹಾಕಿಸಬಹುದು. ಅಡಿಕೆ ದಬ್ಬೆಯಿಂದ ಪುಟ್ಟವರ ಕೈಗೆ ಎಟಕುವ ಪುಸ್ತಕದ ಅಟ್ಟಳಿಗೆ ಮಾಡಿಸಬಹುದು. ಮೊಳೆ ಹೊಡೆಯುವ, ಮಾಡಿಗೆ ಹತ್ತುವ ಕೆಲಸ ಮಾತ್ರ ದೊಡ್ಡವರಿಗೇ ಇರಲಿ.

ಒಂದು ವೇಳೆ ನಿಮ್ಮ ಅಳತೆಗಳು ನನ್ನ ಮಾತಿಗೆ ವಿರುದ್ಧವಾಗಿ ಬಂದರೆ ಅದನ್ನೂ ಹಾಗೆಯೇ ಬರೆಯಿರಿ. ಆದರೆ ನಿಮ್ಮ ಕೋಣೆಯೇ ಉತ್ತಮ ಎಂದು ಲೆಕ್ಕ ಹೇಳಿದರೆ, ಅದನ್ನು ಪುಟ್ಟವರಿಗೆ ಬಿಟ್ಟುಕೊಡಲು ನೀವು ಸಿದ್ಧರಿದ್ದೀರಾ? ಉತ್ತರವನ್ನು ನಿಮ್ಮ ತರಗತಿಯಲ್ಲೇ ಚರ್ಚಿಸಿ.