ಮುಂಜಾವಿನ ಬಾಗಿಲಿಗೆ ಅಗುಳಿಯೇಕೆ?

ಪಾಲನಾ ಪರಿಷತ್ತಿನ ಸದಸ್ಯರಿಗೆ, ಉಪದೇಶಿಗಳಿಗೆ, ಸಂಘಗಳ ಮುಖಂಡರಿಗೆ, ಅಷ್ಟೇಕೆ, ನಮ್ಮಂಥ ಗುರುಗಳಿಗೂ ನಾಯಕತ್ವ ಶಿಬಿರಗಳಲ್ಲಿ ಈಗೊಂದು ಹೊಸ ಪಾಠ ಕೇಳಿಬರುತ್ತಿದೆ: ಐದು ಗಂಟೆಗೆ ಏಳಿರಿ, ಬಾಗಿಲು ಮುಚ್ಚಿರಿ, ಯಾರನ್ನೂ ಹತ್ತಿರ ಬಿಡಬೇಡಿರಿ. ಪಾಠದ ಮೂಲ ಧರ್ಮಸಭೆಯದಲ್ಲ. ರಾಬಿನ್ ಶರ್ಮ 2018ರಲ್ಲಿ ಪ್ರಕಟಿಸಿದ ‘ದಿ ಫೈವ್ ಎಎಂ ಕ್ಲಬ್’ ದಿನದ ಮೊದಲ ಗಂಟೆಯನ್ನು ವ್ಯಾಯಾಮಕ್ಕೆ 20 ನಿಮಿಷ, ಆತ್ಮಾವಲೋಕನಕ್ಕೆ 20 ನಿಮಿಷ, ಕಲಿಕೆಗೆ 20 ನಿಮಿಷವೆಂದು ಹಂಚುತ್ತದೆ. ನಮ್ಮವರು ನಡುವಿನ ಭಾಗಕ್ಕೆ ‘ಪ್ರಾರ್ಥನೆ’ ಎಂಬ ಚೀಟಿ ಅಂಟಿಸಿ, ಇದೇ ಕ್ರೈಸ್ತ ನಾಯಕನ ದಿನಚರಿ ಎನ್ನುತ್ತಿದ್ದಾರೆ. ನನ್ನ ತಕರಾರು ಆ ಚೀಟಿಯ ಮೇಲೆ.

ಬೇಗ ಏಳುವುದು ಒಳ್ಳೆಯದೇ. ಕಣ್ಣುಬಿಟ್ಟೊಡನೆ ಮೊಬೈಲಿಗೆ ಕೈಚಾಚಬೇಡಿರೆಂದು ಅವರು ಹೇಳುವುದೂ ನೂರಕ್ಕೆ ನೂರು ಸರಿ. ಆದರೆ ಪ್ರಾರ್ಥಿಸಿದರೆ ದಿನವಿಡೀ ಹೆಚ್ಚು ಕೆಲಸ ಸಾಗುತ್ತದೆ ಎಂಬ ವಾದವಿದೆಯಲ್ಲ, ಅದು ದೇವರನ್ನು ನಮ್ಮ ಪಂಪ್‌ಸೆಟ್ಟಿಗೆ ಕರೆಂಟು ಕೊಡುವವರ ಸ್ಥಾನಕ್ಕೆ ಇಳಿಸುತ್ತದೆ.

ಈ ವಾದಕ್ಕೆ ಆಧಾರವಾಗಿ ಸಂತ ಮಾರ್ಕನ ಶುಭಸಂದೇಶದ ಮೊದಲ ಅಧ್ಯಾಯವನ್ನು ತೋರಿಸುತ್ತಾರೆ. ಯೇಸುಸ್ವಾಮಿ ಇನ್ನೂ ಕತ್ತಲಿರುವಾಗಲೇ ಎದ್ದು ಏಕಾಂತ ಸ್ಥಳಕ್ಕೆ ಹೋಗಿ ಪ್ರಾರ್ಥಿಸಿದರು, ನಿಜ. ಮುಂದಕ್ಕೆ ಓದಿರಿ. ಹಿಂದಿನ ಸಂಜೆ ಕಫೆರ್ನವುಮಿನಲ್ಲಿ ಊರಿಗೆ ಊರೇ ಬಾಗಿಲಲ್ಲಿ ನೆರೆದಿತ್ತು. ಎಲ್ಲರೂ ನಿಮ್ಮನ್ನೇ ಹುಡುಕುತ್ತಿದ್ದಾರೆಂದು ಸೀಮೋನ ಬಂದಾಗ ಸ್ವಾಮಿ ಗದರಲಿಲ್ಲ. ಹೊರಟೇಬಿಟ್ಟರು, ಆದರೆ ಹೆಸರು ಸಿಕ್ಕ ಊರಿಗಲ್ಲ, ಪಕ್ಕದ ಹಳ್ಳಿಗಳಿಗೆ. ಅದೇ ಅಧ್ಯಾಯ ಮುಗಿಯುವುದರೊಳಗೆ ಕುಷ್ಠರೋಗಿಯೊಬ್ಬ ಎದುರಿಗೆ ಬಂದು ಮೊಣಕಾಲೂರುತ್ತಾನೆ. ಯಾವ ವೇಳಾಪಟ್ಟಿಯಲ್ಲಿ ಅವನ ಹೆಸರಿತ್ತು?

ಇನ್ನು ನಮ್ಮ ತೆಂಗಿನ ಸೀಮೆಗೆ ಬನ್ನಿ. ತಿಪಟೂರು ತಾಲ್ಲೂಕಿನ ಹಾಲ್ಕುರಿಕೆಯಂಥ ಊರಿನಲ್ಲಿ ಐದು ಗಂಟೆಗೆ ಏಳುವುದನ್ನು ಯಾರಿಗೆ ಕಲಿಸುತ್ತೀರಿ? ಡೇರಿಗೆ ಹಾಲು ಹಾಕಬೇಕಾದ ಹೆಂಗಸು ಅಷ್ಟರಲ್ಲಿ ಕೊಟ್ಟಿಗೆಯಲ್ಲಿರುತ್ತಾಳೆ. ಕಾಯಿ ಕೆಡವುವವರು, ಸುಲಿಯುವವರು ಬಿಸಿಲೇರುವ ಮುನ್ನ ತೋಟ ಸೇರಬೇಕು. ತ್ರೀಫೇಸ್ ಕರೆಂಟು ನಡುರಾತ್ರಿ ಬಂದರೆ ನಡುರಾತ್ರಿಯೇ ಎದ್ದು ನೀರು ಹಾಯಿಸಬೇಕು. ಮುಖಂಡರು ಧ್ಯಾನದ ಕುರ್ಚಿಯಲ್ಲಿ ಕುಳಿತಾಗ ಒಲೆ ಹಚ್ಚಿದವರಾರು, ಮಕ್ಕಳ ಬುತ್ತಿ ಕಟ್ಟಿದವರಾರು? ಅವರ ಸಫಲ ಮುಂಜಾನೆ ಆಕೆಯ ಮುಂಜಾನೆಯ ಮೇಲೆ ನಿಂತಿದೆ. ಶಿಬಿರದ ಪುಸ್ತಕದಲ್ಲಿ ಅದಕ್ಕೊಂದು ಸಾಲೂ ಇಲ್ಲ. ಕೂಲಿಯವನಿಗೆ ಗುರುಗಳನ್ನು ಕಾಣಲು ಬಿಡುವಿರುವುದೂ ಕೆಲಸಕ್ಕೆ ಹೊರಡುವ ಮುನ್ನವೇ. ತಾಯಿಗೆ ಕಾಯಿಲೆ ಎಂದೋ, ಮಗಳ ಜ್ಞಾನಸ್ನಾನದ ಪತ್ರ ಬೇಕೆಂದೋ ಬಂದವನಿಗೆ ಒಂಬತ್ತು ಗಂಟೆಯ ಮೇಲೆ ಬಾ ಎಂದರೆ ಆ ದಿನದ ಕೂಲಿ ಹೋಯಿತು. ನಮ್ಮ ಶಿಸ್ತಿಗೆ ದಂಡ ತೆತ್ತವನು ಅವನು.

ಹಾಗಾದರೆ ಕ್ರಮವೇ ಬೇಡವೇ ಎನ್ನುವಿರಿ. ಆರನೆಯ ಶತಮಾನದಲ್ಲಿ ಸಂತ ಬೆನೆಡಿಕ್ಟರು ಬರೆದ ನಿಯಮಾವಳಿಗಿಂತ ಕಟ್ಟುನಿಟ್ಟಾದ ಕ್ರಮ ಬೇಕೇ? ಪ್ರಾರ್ಥನೆಯ ಕರೆ ಕೇಳಿದೊಡನೆ ಕೈಯಲ್ಲಿದ್ದುದನ್ನು ಬಿಟ್ಟು ಓಡಿಬರಬೇಕೆಂದು ಅವರು ವಿಧಿಸಿದರು. ಅದೇ ನಿಯಮಾವಳಿಯ 66ನೆಯ ಅಧ್ಯಾಯದಲ್ಲಿ, ಮಠದ ಬಾಗಿಲಲ್ಲಿ ವಿವೇಕಿಯಾದ ಹಿರಿಯನೊಬ್ಬನಿರಬೇಕು, ಬಡವನೊಬ್ಬ ಕೂಗಿದೊಡನೆ ದೇವರಿಗೆ ಕೃತಜ್ಞತೆ ಹೇಳಿ ಓಗೊಡಬೇಕು ಎಂದೂ ಬರೆದರು. ಬಾಗಿಲು ಬಡಿದ ಸದ್ದಿಗೆ ಕೃತಜ್ಞತೆ! ನಮ್ಮ ಶಿಬಿರಗಳಲ್ಲಿ ಅದಕ್ಕೆ ‘ಅಡಚಣೆ’ ಎಂದು ಹೆಸರು.

ದ್ವಿತೀಯ ವ್ಯಾಟಿಕನ್ ಮಹಾಸಭೆ 1963ರಲ್ಲಿ ಪ್ರಭಾತ ಮತ್ತು ಸಂಧ್ಯಾ ಪ್ರಾರ್ಥನೆಗಳನ್ನು ದಿನದ ಪ್ರಾರ್ಥನಾವಿಧಿಯ ಎರಡು ಕೀಲುಗಳೆಂದು ಬಣ್ಣಿಸಿತು. ಅಲ್ಲಿ ನಾವು ಹೇಳುವ ಕೀರ್ತನೆಗಳು ನಮ್ಮೊಬ್ಬರ ಮನಃಶಾಂತಿಗಾಗಿ ಅಲ್ಲ. ಇಡೀ ಧರ್ಮಸಭೆಯ ಅಳು, ನಗು ಅವುಗಳಲ್ಲಿದೆ. ಅದರ ಫಲವನ್ನು ಅದೇ ಸಂಜೆ ಲೆಕ್ಕ ಕೇಳುವವರಿಗೆ ತಿಪಟೂರು ಸೀಮೆಯ ಅಟ್ಟವೊಂದನ್ನು ತೋರಿಸಬೇಕು. ಉಂಡೆ ಕೊಬ್ಬರಿಗೆಂದು ಏರಿಸಿಟ್ಟ ಕಾಯಿ ಒಳಗಿನ ನೀರೆಲ್ಲ ಇಂಗಿ, ಅಲುಗಿಸಿದರೆ ಕೊಬ್ಬರಿ ಕದಲಿ ಸದ್ದಾಗಬೇಕಾದರೆ ಹತ್ತಿರ ಹತ್ತಿರ ಒಂದು ವರ್ಷ ಬೇಕು. ಅವಸರಕ್ಕೆ ಒಡೆದವನಿಗೆ ಕಾಯಿಯೂ ಇಲ್ಲ, ಕೊಬ್ಬರಿಯೂ ಇಲ್ಲ.

ಮುಖಂಡರೇ, ನಾಳೆ ಹಾಲಿನ ಕ್ಯಾನು ಹಿಡಿದು ಡೇರಿಗೆ ನೀವೇ ಹೊರಡಿರಿ. ಅಷ್ಟು ಹೊತ್ತು ಮನೆಯಾಕೆ ಜಪಸರ ಹಿಡಿದು ಕೂರಲಿ. ಗುರುಗಳಾದ ನಾವು ಪ್ರಭಾತ ಪ್ರಾರ್ಥನೆಯನ್ನು ಕೋಣೆಯಲ್ಲಲ್ಲ, ದೇವಾಲಯದಲ್ಲೇ ಹೇಳೋಣ, ಮುಂಬಾಗಿಲು ತೆರೆದಿಟ್ಟು. ಯಾರಾದರೂ ಬಂದರೆ ಹಿಂದಿನ ಬೆಂಚಿನಲ್ಲಿ ಕುಳಿತಿರುತ್ತಾರೆ. ಕೀರ್ತನೆ ಮುಗಿದ ಮೇಲೆ, ಅವರು ಕೆಲಸಕ್ಕೆ ಹೊರಡುವ ಮುನ್ನ, ಎದ್ದು ಅವರ ಬಳಿಗೆ ಹೋಗೋಣ.