ಕಾಗದ ಮಾರಬಹುದು, ಮಾತು?

ದೊಡ್ಡ ಸಾಹಿತಿಯೊಬ್ಬರು ಗೆಳೆಯನಿಗೆ ಬರೆದ ಪತ್ರ ಮಾರಾಟಕ್ಕೆ ಬಂದರೆ ಸಂಗ್ರಾಹಕರು ಮೊದಲು ನೋಡೋದು ಸಹಿ. ಆಮೇಲೆ ತಾರೀಕು, ಕಾಗದದ ಸ್ಥಿತಿ. ಒಳಗಿನ ಮಾತಿಗೆ ಕೊನೆಯ ಸ್ಥಾನ. ಹರಾಜಾದ ಪತ್ರ ಯಾರದೋ ಕಪಾಟು ಸೇರಿದರೆ ಓದುಗರ ಪಾಲಿಗೆ ಅದು ಇದ್ದೂ ಇಲ್ಲದಂತೆ.

ಮಿರ್ಜಾ ಗಾಲಿಬರ ಪತ್ರಗಳಿಗೆ ಹಾಗಾಗಲಿಲ್ಲ. ಶಿಷ್ಯನೂ ಗೆಳೆಯನೂ ಆಗಿದ್ದ ಮುನ್ಶಿ ಹರಗೋಪಾಲ್ ತಫ್ತಾ ಮತ್ತಿತರರು ಅವನ್ನು ಜೋಪಾನವಾಗಿ ಇಟ್ಟರು. 1858ರಲ್ಲಿ ಅಚ್ಚು ಹಾಕಿಸುವ ಮಾತು ಬಂದಾಗ ಗಾಲಿಬರೇ ಬೇಡ ಅಂದಿದ್ದರು, ಕೊನೆಗೆ ಒಪ್ಪಿದರು. 1868ರಲ್ಲಿ ‘ಊದ್-ಎ-ಹಿಂದಿ’, ಅವರು ತೀರಿಕೊಂಡ 1869ರಲ್ಲಿ ‘ಉರ್ದು-ಎ-ಮುಅಲ್ಲಾ’ ಹೊರಬಂದವು. 1857ರ ನಂತರದ ಹಾಳು ದಿಲ್ಲಿ, ಪಿಂಚಣಿಯ ಚಿಂತೆ, ಮಾವಿನ ಹಣ್ಣಿನ ಆಸೆ ಎಲ್ಲವೂ ನಮಗೆ ಸಿಕ್ಕಿದ್ದು ಹಾಗೆ.

ಮಾರುವುದು ತಪ್ಪಲ್ಲ. ಕಷ್ಟದಲ್ಲಿರುವ ಮನೆಗೆ ನಾಲ್ಕು ಕಾಸು ಬಂದರೆ ಬೇಡ ಅನ್ನೋಕೆ ನಾವ್ಯಾರು? ಆದರೆ ಕಾಗದ ಮಾತ್ರ ಪಡೆದವರ ಸೊತ್ತು. ಬರಹದ ಹಕ್ಕು ಬರೆದವರದ್ದು, ಅವರ ನಂತರ ವಾರಸುದಾರರದ್ದು. 75 ವರ್ಷ ದಾಟಿದ, ಸಾಹಿತ್ಯಿಕ ಮೌಲ್ಯದ ಹಸ್ತಪ್ರತಿಯನ್ನು ಖಾಸಗಿಯವರು ದೇಶದಾಚೆ ಸಾಗಿಸುವುದನ್ನು 1972ರ ಪ್ರಾಚ್ಯವಸ್ತು ಕಾಯ್ದೆ ತಡೆಯುತ್ತದೆ. ದೇಶದೊಳಗಿನ ಕಪಾಟಿಗೆ ಅಂಥ ತಡೆ ಇಲ್ಲ.

ಹಾಗಾಗಿ ಹಳೆಯ ಪತ್ರ ಕೈಯಲ್ಲಿದ್ದವರು ಮಾರುವ ಮುನ್ನ ಒಂದು ಕೆಲಸ ಮಾಡಿ. ಎರಡೂ ಬದಿ, ಲಕೋಟೆ, ಅಂಚೆ ಮುದ್ರೆ ಸಮೇತ ಸ್ಕ್ಯಾನ್ ಮಾಡಿಸಿ. ಬರೆದವರ ಮನೆಯವರನ್ನು ಕೇಳಿ, ಒಂದು ನಕಲನ್ನು ವಿಶ್ವವಿದ್ಯಾಲಯದ ಗ್ರಂಥಾಲಯಕ್ಕೆ ಕೊಡಿ. ಬೆಲೆಯನ್ನು ಕಾಗದಕ್ಕೆ ಕಟ್ಟಲಿ. ಗೆಳೆಯರ ಮಾತು ಎಲ್ಲರಿಗೂ ಸಿಗಲಿ.